ಹೊಗೆಯ ಲೆಕ್ಕ

ಮಠಕ್ಕೆ ಬರುವ ರೈತ ಭಕ್ತರು ಈಚಿನ ವರ್ಷಗಳಲ್ಲಿ ಮೇಲಿಂದ ಮೇಲೆ ಕೇಳುವ ಪ್ರಶ್ನೆಯೊಂದಿದೆ: ‘ಅಪ್ಪಾವ್ರೆ, ಮಳಿರಾಯ ಯಾಕ ಮುನಿಸಿಕೊಂಡಾನ? ನಾವೇನು ಪಾಪ ಮಾಡೇವಿ?’ ಇದು ಕಾಲಹರಣಕ್ಕಾಗಿ ಕೇಳುವ ಪ್ರಶ್ನೆಯಲ್ಲ. ಬಿತ್ತಿದ ಬೀಜ ಮೊಳೆಯದೆ ಮಣ್ಣುಪಾಲಾದುದನ್ನು ಕಂಡವರು, ಮೊಳೆತ ಪೈರು ನಿಂತ ನೀರಿನಲ್ಲಿ ಕೊಳೆತುದನ್ನು ಕಂಡವರು, ಎರಡನೆಯ ಬಿತ್ತನೆಗೆ ಸಾಲ ತಂದವರು ಇದನ್ನು ಕೇಳುತ್ತಾರೆ. ತಮ್ಮಿಂದಲೇ ಏನೋ ಅಪರಾಧವಾಗಿದೆಯೆಂಬ ಅಳುಕು ಅವರ ಮಾತಿನಲ್ಲಿರುತ್ತದೆ.

ಈ ಪ್ರಶ್ನೆಗೆ ಒಂದು ಸುಲಭವಾದ ಉತ್ತರವುಂಟು. ಕಾಲ ಕೆಟ್ಟಿತು, ಜನರಲ್ಲಿ ಭಕ್ತಿ ಕುಂದಿತು, ಆದುದರಿಂದ ದೇವರು ಮಳೆಯನ್ನು ತಡೆಹಿಡಿದನು ಎಂಬುದೇ ಆ ಉತ್ತರ. ಇದನ್ನು ಹೇಳುವವನಿಗೆ ಯಾವ ಶ್ರಮವೂ ಇಲ್ಲ. ಕೇಳುವವನೂ ತಲೆದೂಗಿ ಎದ್ದು ಹೋಗುತ್ತಾನೆ. ಆದರೆ ಇದು ನಿಜವಲ್ಲ. ನಿಜವಲ್ಲದುದನ್ನು ಗುರುಪೀಠದಿಂದ ಹೇಳಬಾರದು. ನೊಂದು ಬಂದವನ ತಲೆಯ ಮೇಲೆ ಅವನು ಮಾಡದ ಪಾಪದ ಹೊರೆಯನ್ನು ಹೊರಿಸಿ ಕಳುಹಿಸುವುದು ಗುರುಧರ್ಮವಲ್ಲ. ಹನ್ನೆರಡನೆಯ ಶತಮಾನದ ಶರಣರು ಜನರನ್ನು ಶಕುನದ ಭಯದಿಂದ, ತಿಥಿವಾರಗಳ ಭಯದಿಂದ ಬಿಡಿಸಿದರು. ಅವರ ಪರಂಪರೆಯಲ್ಲಿ ನಡೆಯುವೆವೆನ್ನುವವರು ಮಳೆಯ ಹೆಸರಿನಲ್ಲಿ ಹೊಸ ಭಯವೊಂದನ್ನು ಬಿತ್ತುವುದು ಸಲ್ಲದು. ಮಳೆಗಾಗಿ ಹಳ್ಳಿಗಳಲ್ಲಿ ಗುರ್ಜಿಯನ್ನು ಹೊತ್ತು ತಿರುಗುತ್ತಾರೆ, ಅಹೋರಾತ್ರಿ ಭಜನೆ ಮಾಡುತ್ತಾರೆ. ಅದನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಕಷ್ಟ ಬಂದಾಗ ಊರು ಒಂದಾಗುವುದು ಒಳ್ಳೆಯದೇ. ಆದರೆ ಕಾರಣವನ್ನು ತಿಳಿಯುವ ಕೆಲಸ ಪ್ರಾರ್ಥನೆಯಿಂದ ಮುಗಿಯುವುದಿಲ್ಲ. ಅದನ್ನು ಬೇರೆಯಾಗಿಯೇ ಮಾಡಬೇಕು.

ಮೊದಲು ನಮ್ಮ ಹೊಲಗಳಲ್ಲಿ ಏನಾಗಿದೆ ಎಂಬುದನ್ನು ನೋಡೋಣ. ಉತ್ತರ ಕರ್ನಾಟಕದ ಎರೆಯ ನಾಡು ಹಿಂದಿನಿಂದಲೂ ಮಳೆ ಕಡಿಮೆಯ ನಾಡು. ೧೮೭೬-೭೮ರ ಘೋರ ಕ್ಷಾಮದ ಕಥೆಗಳು ಮನೆಮನೆಯಲ್ಲಿ ಉಳಿದು ಬಂದಿವೆ. ೧೯೭೨ರ ಬರವನ್ನು ಕಣ್ಣಾರೆ ಕಂಡ ಹಿರಿಯರು ಇಂದಿಗೂ ನಮ್ಮ ನಡುವೆ ಇದ್ದಾರೆ. ಬರವೆಂಬುದು ಇಲ್ಲಿ ಹೊಸತಲ್ಲ. ಆದರೆ ಆ ಕಡಿಮೆ ಮಳೆಗೂ ಒಂದು ಕ್ರಮವಿತ್ತು. ಆ ಕ್ರಮವನ್ನು ನಂಬಿಯೇ ಒಕ್ಕಲುತನ ಬೆಳೆದು ಬಂದಿತ್ತು. ಮಿರಗದ ಮಳೆಗೆ ಮುಂಗಾರಿ ಬಿತ್ತನೆ. ಉತ್ತರಿ, ಹಸ್ತದ ಮಳೆಗೆ ಹಿಂಗಾರಿ ಜೋಳ, ಕಡಲೆ, ಕುಸುಬೆ. ಎರೆಯ ಮಣ್ಣು ಹಸ್ತದ ಮಳೆಯನ್ನು ಒಡಲಲ್ಲಿ ಇಟ್ಟುಕೊಂಡು, ಮುಂದೆ ಮಳೆಯೇ ಬಾರದಿದ್ದರೂ ಆ ಹಸಿಯಿಂದಲೇ ಜೋಳವನ್ನು ತೆನೆಗೆ ತರುತ್ತಿತ್ತು. ಎಳ್ಳ ಅಮಾವಾಸ್ಯೆಯಂದು ಚರಗ ಚೆಲ್ಲಲು ಹೊಲಕ್ಕೆ ಹೋದವರು ಎದೆಯೆತ್ತರದ ಬೆಳೆಯನ್ನು ಕಾಣುತ್ತಿದ್ದರು. ಇಲ್ಲಿ ನಕ್ಷತ್ರಗಳ ಹೆಸರು ಜ್ಯೋತಿಷ್ಯಕ್ಕೆ ಸೇರಿದುದಲ್ಲ. ತಲೆತಲಾಂತರದಿಂದ ಆಕಾಶವನ್ನು ನೋಡಿದ ರೈತನು ನೆನಪಿನಲ್ಲಿ ಬರೆದಿಟ್ಟುಕೊಂಡ ದಿನಚರಿ ಅದು.

ಆ ದಿನಚರಿ ಈಗ ತಪ್ಪುತ್ತಿದೆ. ೨೦೦೯ರಲ್ಲಿ ದೇಶದ ಮುಂಗಾರು ವಾಡಿಕೆಗಿಂತ ಸುಮಾರು ಶೇಕಡ ೨೨ರಷ್ಟು ಕಡಿಮೆಯಾಯಿತು. ಬರಗಾಲವೆಂದು ಜನ ಕಂಗೆಟ್ಟಿರುವಾಗ, ಸೆಪ್ಟೆಂಬರ್ ಕೊನೆಗೂ ಅಕ್ಟೋಬರ್ ಮೊದಲಿಗೂ, ಬರಬೇಕಾದ ಹಸ್ತದ ಮಳೆ ಬಂದಿತು. ಬಂದುದು ಬೆಳೆಗಾಗಿ ಅಲ್ಲ. ಕೆಲವೇ ದಿನಗಳಲ್ಲಿ ಕಾಲಾವಧಿಯ ಮಳೆಯೆಲ್ಲ ಒಮ್ಮೆಗೇ ಸುರಿದಂತಾಯಿತು. ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದವು. ಆ ಮಾಳಿಗೆಯ ಮನೆಗಳನ್ನು ಹಿರಿಯರು ಬಿಸಿಲನ್ನು ತಡೆಯಲೆಂದು ಕಟ್ಟಿದ್ದರೇ ಹೊರತು ಅಂಥ ಮಳೆಯನ್ನು ತಡೆಯಲೆಂದಲ್ಲ. ೨೦೧೯ರಲ್ಲಿ ಜೂನ್ ತಿಂಗಳೆಲ್ಲ ದೇಶವು ಮಳೆಗಾಗಿ ಬಾಯಿ ಬಿಟ್ಟಿತು. ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಊರುಗಳನ್ನು ನುಂಗಿದವು. ಪಟ್ಟದಕಲ್ಲಿನ ದೇವಾಲಯಗಳ ಅಂಗಳಕ್ಕೂ ನೀರು ನುಗ್ಗಿತು. ೨೦೨೩ರ ಆಗಸ್ಟ್, ೧೯೦೧ರಿಂದ ಈಚೆಗೆ ಭಾರತವು ಕಂಡ ಅತ್ಯಂತ ಒಣ ಆಗಸ್ಟ್ ಆಯಿತು. ಆಶ್ಲೇಷ, ಮಘೆಗಳೆರಡೂ ಬರಿದಾದವು. ರಾಜ್ಯದ ೨೩೬ ತಾಲೂಕುಗಳಲ್ಲಿ ೨೨೩ನ್ನು ಸರಕಾರವು ಬರಪೀಡಿತವೆಂದು ಸಾರಬೇಕಾಯಿತು. ಒಂದೇ ಹೊಲ ಒಂದು ವರ್ಷ ಮುಳುಗಿ, ಇನ್ನೊಂದು ವರ್ಷ ಒಣಗಿ, ಕೆಲವೊಮ್ಮೆ ಒಂದೇ ವರ್ಷದಲ್ಲಿ ಎರಡನ್ನೂ ಕಾಣುತ್ತಿದೆ.

ಇದರ ಕಾರಣವನ್ನು ಅರಿಯಲು ನಾವು ಉಸಿರಾಡುವ ಗಾಳಿಯನ್ನೇ ನೋಡಬೇಕು. ಗಾಳಿಯಲ್ಲಿ ಹೆಚ್ಚಿನ ಪಾಲು ಸಾರಜನಕ ಮತ್ತು ಆಮ್ಲಜನಕ. ಇಂಗಾಲದ ಡೈಆಕ್ಸೈಡ್ ಎಂಬ ಅನಿಲವು ಅದರಲ್ಲಿ ಅತ್ಯಲ್ಪ. ಆದರೆ ಅದರ ಗುಣ ವಿಶೇಷವಾದುದು. ಸೂರ್ಯನ ಬೆಳಕನ್ನು ಅದು ಒಳಗೆ ಬಿಡುತ್ತದೆ; ಕಾದ ಭೂಮಿ ಮರಳಿ ಹೊರಸೂಸುವ ತಾಪವನ್ನು ಮಾತ್ರ ಹಿಡಿದುಕೊಳ್ಳುತ್ತದೆ. ನೀರಿನ ಆವಿ, ಮೀಥೇನ್, ನೈಟ್ರಸ್ ಆಕ್ಸೈಡ್‌ಗಳಿಗೂ ಇದೇ ಗುಣವುಂಟು. ಇವನ್ನೇ ಹಸಿರುಮನೆ ಅನಿಲಗಳೆಂದು ಕರೆಯುತ್ತಾರೆ. ಕುರುಬರ ಕಂಬಳಿಯಂತೆ ಇವು ಭೂಮಿಯನ್ನು ಹೊದೆದುಕೊಂಡಿವೆ. ಈ ಕಂಬಳಿಯೇ ಇಲ್ಲದಿದ್ದರೆ ಭೂಮಿಯು ಈಗಿರುವುದಕ್ಕಿಂತ ಸುಮಾರು ೩೩ ಡಿಗ್ರಿ ತಣ್ಣಗಾಗಿ ಹಿಮದ ಗಡ್ಡೆಯಾಗುತ್ತಿತ್ತು. ಆದುದರಿಂದ ಕಂಬಳಿಯು ಕೃಪೆಯೇ ಸರಿ. ಮಾಗಿಯಲ್ಲಿ ಹಿತವಾದ ಕಂಬಳಿಯ ಮೇಲೆ ಕಂಬಳಿ ಹೇರುತ್ತ ಹೋದರೆ ಏನಾಗುವುದೋ ಅದೇ ಈಗ ಆಗುತ್ತಿದೆ.

ಇದು ನಿನ್ನೆ ಮೊನ್ನೆ ಹುಟ್ಟಿದ ಊಹೆಯಲ್ಲ. ೧೮೫೬ರಲ್ಲಿ ಅಮೆರಿಕೆಯ ಯೂನಿಸ್ ಫೂಟ್ ಎಂಬ ಮಹಿಳೆ ಈ ಅನಿಲವನ್ನು ಗಾಜಿನ ಕೊಳವೆಯಲ್ಲಿ ತುಂಬಿ ಬಿಸಿಲಿಗಿಟ್ಟು, ಅದು ಬರಿಯ ಗಾಳಿಗಿಂತ ಹೆಚ್ಚು ಕಾಯುವುದನ್ನು ಕಂಡಳು. ೧೮೫೯ರಲ್ಲಿ ಜಾನ್ ಟಿಂಡಲ್ ತಾಪವನ್ನು ಹಿಡಿದಿಡುವ ಅದರ ಶಕ್ತಿಯನ್ನು ಅಳೆದನು. ೧೮೯೬ರಲ್ಲಿ ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ ಈ ಅನಿಲ ಹೆಚ್ಚಿದರೆ ಭೂಮಿ ಎಷ್ಟು ಕಾಯುವುದೆಂದು ಲೆಕ್ಕ ಹಾಕಿದನು. ೧೯೫೮ರಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಅಳತೆಯನ್ನು ಆರಂಭಿಸಿದಾಗ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಈ ಅನಿಲವು ಸುಮಾರು ೩೧೫ ಭಾಗವಿತ್ತು. ಕಾರ್ಖಾನೆಗಳ ಯುಗಕ್ಕೆ ಮೊದಲು ಅದು ೨೮೦ರಷ್ಟಿತ್ತೆಂದು ಹಳೆಯ ಹಿಮದಲ್ಲಿ ಸಿಕ್ಕಿಬಿದ್ದ ಗಾಳಿಗುಳ್ಳೆಗಳು ಹೇಳುತ್ತವೆ. ೨೦೨೪ರಲ್ಲಿ ಅದು ೪೨೦ನ್ನು ದಾಟಿತ್ತು. ಅದೇ ೨೦೨೪, ಭೂಮಿಯ ಸರಾಸರಿ ತಾಪ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧಕ್ಕಿಂತ ಸುಮಾರು ಒಂದೂವರೆ ಡಿಗ್ರಿ ಹೆಚ್ಚಿದ ವರ್ಷ.

ಒಂದೂವರೆ ಡಿಗ್ರಿ ಎಂದರೆ ಏನು ಮಹಾ ಎಂದು ಕೆಲವರು ಕೇಳಬಹುದು. ಗಾಳಿಯು ಒಂದು ಡಿಗ್ರಿ ಕಾದರೆ ಅದು ಹಿಡಿದಿಡಬಲ್ಲ ನೀರಿನ ಆವಿ ಸುಮಾರು ಶೇಕಡ ೭ರಷ್ಟು ಹೆಚ್ಚುತ್ತದೆ. ಮಳೆಯಿಲ್ಲದಾಗ ಆ ಗಾಳಿಯು ಹೊಲದ ಹಸಿಯನ್ನು ಮೊದಲಿಗಿಂತ ಬೇಗ ಹೀರಿಕೊಳ್ಳುತ್ತದೆ. ಮಳೆಯಾಗುವಾಗ ಅದೇ ಗಾಳಿಯು ಹೊತ್ತುದನ್ನೆಲ್ಲ ಒಮ್ಮೆಗೇ ಇಳಿಸುತ್ತದೆ. ಬರವೂ ನೆರೆಯೂ ಒಂದೇ ತಾಯಿಯ ಮಕ್ಕಳೆಂಬುದು ಹೀಗೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಅವರ ಸಂಗಡಿಗರು ೨೦೧೭ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ೧೯೫೦ರಿಂದ ೨೦೧೫ರವರೆಗೆ ಮಧ್ಯಭಾರತದಲ್ಲಿ ವ್ಯಾಪಕವಾದ ಅತಿವೃಷ್ಟಿಯ ಪ್ರಸಂಗಗಳು ಮೂರುಪಟ್ಟಾದುದನ್ನು ತೋರಿಸಿದ್ದಾರೆ. ಅರಬ್ಬೀ ಸಮುದ್ರದ ಮೇಲಿನ ಗಾಳಿಯ ಏರಿಳಿತ ಇದಕ್ಕೆ ಕಾರಣವೆಂಬುದು ಅವರ ನಿರ್ಣಯ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಒಂದೊಂದು ಬರವನ್ನೂ ಒಂದೊಂದು ನೆರೆಯನ್ನೂ ಇದೊಂದೇ ಕಾರಣಕ್ಕೆ ಕಟ್ಟಿಹಾಕುವುದು ಸರಿಯಲ್ಲ. ೨೦೦೯ರಲ್ಲಿಯೂ ೨೦೨೩ರಲ್ಲಿಯೂ ಶಾಂತಸಾಗರವು ಕಾಯುವ ಎಲ್‌ನಿನೋ ಎಂಬ ಪ್ರಕೃತಿಯ ಹಳೆಯ ವ್ಯಾಪಾರ ನಡೆದಿತ್ತು. ನದಿಯ ಪಾತ್ರದಲ್ಲಿ ಕಟ್ಟಿದ ಮನೆಗಳು, ಹೂಳು ತುಂಬಿದ ಕೆರೆಗಳು, ಮುಚ್ಚಿಹೋದ ಹಳ್ಳಗಳು ಮನುಷ್ಯನೇ ಮಾಡಿಕೊಂಡ ಬೇರೆ ಅನಾಹುತಗಳು. ಆದರೆ ಪಗಡೆಯ ದಾಳವನ್ನೇ ಒಂದು ಕಡೆಗೆ ಭಾರವಾಗುವಂತೆ ಮಾಡಿದಾಗ, ಪ್ರತಿಯೊಂದು ಗರವೂ ಅದರಿಂದಲೇ ಬಿತ್ತೆಂದು ಹೇಳಲಾಗದಿದ್ದರೂ ಆಟವು ಮೊದಲಿನಂತೆ ಉಳಿಯುವುದಿಲ್ಲ. ಕಾಯುತ್ತಿರುವ ಗಾಳಿಯು ಮಾಡಿರುವುದು ಅದನ್ನೇ.

ಈಗ ಹೊಗೆಯ ಮಾತಿಗೆ ಬರೋಣ. ಉರಿದ ವಸ್ತುವಿನಿಂದ ಎರಡು ಹುಟ್ಟುತ್ತವೆ: ಒಂದು ಬೂದಿ, ಇನ್ನೊಂದು ಹೊಗೆ. ಬೂದಿಯನ್ನು ನಾವು ಬಲ್ಲೆವು. ಸಗಣಿಯನ್ನು ಸುಟ್ಟು, ಸೋಸಿ, ಶುದ್ಧಿಗೊಳಿಸಿ ವಿಭೂತಿಯೆಂದು ಹಣೆಗೆ ಧರಿಸುತ್ತೇವೆ. ಉಳಿಯುವುದು ಕೊನೆಗೆ ಇಷ್ಟೇ ಎಂಬ ಅರಿವನ್ನು ಅದು ಕೊಡುತ್ತದೆ. ಹೊಗೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಗಾಳಿಗೆ ಹೋದುದು ಇಲ್ಲವಾಯಿತೆಂದೇ ಲೋಕವು ತಿಳಿಯಿತು. ಇಲ್ಲಿ ಹೊಗೆಯೆಂದರೆ ಕಣ್ಣಿಗೆ ಉರಿ ತರುವ ಕಪ್ಪು ಮಸಿಯಲ್ಲ; ಅದರೊಡನೆ ಏರುವ, ಬಣ್ಣವಿಲ್ಲದ, ವಾಸನೆಯಿಲ್ಲದ ಅನಿಲ. ಸಗಣಿಯ ಹೊಗೆಗೂ ಕಲ್ಲಿದ್ದಲಿನ ಹೊಗೆಗೂ ಭೇದವುಂಟು. ಸಗಣಿಯಲ್ಲಿರುವ ಇಂಗಾಲವು ಮೊನ್ನೆಯ ಹುಲ್ಲಿನದು. ಉರಿದರೆ ನಾಳೆಯ ಹುಲ್ಲಿಗೆ ಮರಳುತ್ತದೆ. ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್‌ಗಳಲ್ಲಿರುವುದು ಕೋಟ್ಯಂತರ ವರ್ಷಗಳಿಂದ ಭೂಗರ್ಭದಲ್ಲಿ ಹೂತಿದ್ದ ಇಂಗಾಲ. ಅದನ್ನು ತೆಗೆದು ಸುಟ್ಟರೆ ಅದು ಗಾಳಿಗೆ ಹೊಸ ಹೊರೆಯಾಗುತ್ತದೆ. ಅದರಲ್ಲಿ ಸುಮಾರು ಅರ್ಧವನ್ನು ಕಡಲೂ ಕಾಡೂ ಹೀರಿಕೊಂಡರೂ ಉಳಿದುದರಲ್ಲಿ ಒಂದಂಶವು ಸಾವಿರಾರು ವರ್ಷ ಗಾಳಿಯಲ್ಲಿಯೇ ನಿಲ್ಲುತ್ತದೆ.

ಈ ಹೊರೆಗೆ ತೂಕವಿಲ್ಲವೆಂದು ತಿಳಿಯಬಾರದು. ಒಂದು ಲೀಟರ್ ಡೀಸೆಲ್ ಉರಿದರೆ ಎರಡೂವರೆ ಕಿಲೋಗ್ರಾಮಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಒಂದು ಕಿಲೋ ತೂಗದ ಎಣ್ಣೆಯಿಂದ ಇಷ್ಟು ಹೇಗೆ ಬಂದೀತೆಂದರೆ, ಇಂಗಾಲದ ಹನ್ನೆರಡು ಪಾಲಿಗೆ ಗಾಳಿಯ ಆಮ್ಲಜನಕದ ಮೂವತ್ತೆರಡು ಪಾಲು ಕೂಡಿಕೊಳ್ಳುತ್ತದೆ. ಕಲ್ಲಿದ್ದಲಿನಿಂದ ಬಂದ ಒಂದು ಯೂನಿಟ್ ವಿದ್ಯುತ್ತಿನ ಹಿಂದೆ ಹೆಚ್ಚುಕಡಿಮೆ ಒಂದು ಕಿಲೋ ಅನಿಲವಿದೆ. ರಾಯಚೂರಿನ ಶಕ್ತಿನಗರದಲ್ಲಿ ೧೯೮೫ರಲ್ಲಿ ಮೊದಲ ಘಟಕವು ಆರಂಭವಾದಾಗ ನಾಡು ಸಂತೋಷಪಟ್ಟಿತು, ಅದು ಉಚಿತವೇ. ಆ ಬೆಳಕಿನಲ್ಲಿ ಎಷ್ಟೋ ಬಡ ಮಕ್ಕಳು ಓದಿದರು, ಎಷ್ಟೋ ಹೊಲಗಳು ನೀರು ಕಂಡವು. ಅದನ್ನು ನಿಂದಿಸುವುದು ಉಪಕಾರಸ್ಮರಣೆಯಲ್ಲ. ಅಲ್ಲಿಯ ಬೂದಿಗೆ ಇಂದು ಸಿಮೆಂಟಿನವರು, ಇಟ್ಟಿಗೆಯವರು ಗಿರಾಕಿಗಳಾಗಿದ್ದಾರೆ. ಹೊಗೆಗೆ ಮಾತ್ರ ಗಿರಾಕಿಯಿಲ್ಲ, ಅದರ ಬೆಲೆಯನ್ನು ಯಾರ ಬಿಲ್ಲಿನಲ್ಲಿಯೂ ಬರೆಯುವುದಿಲ್ಲ. ಆ ಬೆಲೆಯನ್ನು ತೆರುತ್ತಿರುವವನು ಮಳೆಯನ್ನು ನಂಬಿ ಬಿತ್ತಿದವನು.

ಧರ್ಮದ ಪ್ರಶ್ನೆ ಏಳುವುದು ಇಲ್ಲಿಯೇ. ಕಲ್ಲಿದ್ದಲು, ಎಣ್ಣೆ ಮೊದಲಾದವುಗಳಿಂದ ಹುಟ್ಟುವ ಈ ಅನಿಲವನ್ನು ತಲೆಗೆ ಹಂಚಿದರೆ ಅಮೆರಿಕೆಯಲ್ಲಿ ವರ್ಷಕ್ಕೆ ಸುಮಾರು ಹದಿನಾಲ್ಕು ಟನ್, ಲೋಕದ ಸರಾಸರಿ ಐದು ಟನ್ನಿಗೆ ತುಸು ಕಡಿಮೆ, ಭಾರತದಲ್ಲಿ ಎರಡು ಟನ್ನಿನಷ್ಟು. ಆದುದರಿಂದ ಹೆಚ್ಚು ಸುಟ್ಟವರ ಹೊಣೆ ಹೆಚ್ಚು. ೧೯೯೨ರಲ್ಲಿ ರಿಯೊ ನಗರದಲ್ಲಿ ಸೇರಿದ ರಾಷ್ಟ್ರಗಳು ಹೊಣೆ ಎಲ್ಲರದು, ಆದರೆ ಎಲ್ಲರದೂ ಸಮನಾದುದಲ್ಲ ಎಂಬ ತತ್ವವನ್ನು ಒಪ್ಪಿಕೊಂಡವು. ಈ ನ್ಯಾಯವನ್ನು ಭಾರತವು ಬಿಟ್ಟುಕೊಡಬೇಕಾದುದಿಲ್ಲ. ಆದರೆ ಇದೇ ಲೆಕ್ಕವನ್ನು ನಮ್ಮ ಮನೆಯೊಳಗೂ ಹಾಕಬೇಕು. ಭಾರತದ ಸರಾಸರಿ ಎರಡು ಟನ್ ಎಂದಾಗ ಆ ಸರಾಸರಿಯಲ್ಲಿ ವಿಮಾನದಲ್ಲಿ ಓಡಾಡುವವನೂ ಇದ್ದಾನೆ, ಒಂದು ಬಲ್ಬಿನ ಗುಡಿಸಲಿನಲ್ಲಿರುವ ಕೂಲಿಯವಳೂ ಇದ್ದಾಳೆ. ಅವಳ ಕಡಿಮೆಯನ್ನು ತೋರಿಸಿ ಅವನು ತನ್ನ ಹೆಚ್ಚನ್ನು ಮುಚ್ಚಿಕೊಳ್ಳುವುದು ಅನ್ಯಾಯ.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮರ ಕಥೆಯನ್ನು ನಮ್ಮ ಭಕ್ತರಲ್ಲಿ ಕೇಳದವರಿಲ್ಲ. ಮಹಾಮನೆಯ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಆ ದಂಪತಿಗಳ ಕಾಯಕ. ಒಂದು ದಿನ ಮಾರಯ್ಯನು ನಿತ್ಯಕ್ಕಿಂತ ಹೆಚ್ಚು ತಂದಾಗ ಲಕ್ಕಮ್ಮನು ಅದನ್ನು ಒಳಗೆ ಸೇರಿಸಗೊಡಲಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಆ ಅಕ್ಕಿ ಕದ್ದುದಲ್ಲ, ಬೇಡಿದುದಲ್ಲ. ಆದರೂ ಅದು ಆ ದಿನದ ಅಳತೆಗೆ ಮೀರಿದುದಾಗಿತ್ತು. ಗಾಳಿಯೂ ಅಂಥದೊಂದು ಅಂಗಳ. ಅದಕ್ಕೆ ಗೋಡೆಯಿಲ್ಲ, ಒಡೆಯನಿಲ್ಲ. ಅದರಲ್ಲಿ ಎಷ್ಟು ಹೊಗೆಗೆ ಎಡೆಯಿದೆಯೋ ಅದು ಎಲ್ಲರ ಪಾಲು. ತನ್ನ ಪಾಲಿಗೆ ಮೀರಿ ತುಂಬಿದವನು ಕಾನೂನಿನ ಕಣ್ಣಿಗೆ ಕಳ್ಳನಲ್ಲದಿರಬಹುದು. ಲಕ್ಕಮ್ಮನ ಬಾಗಿಲಲ್ಲಿ ಅವನಿಗೆ ಪ್ರವೇಶವಿಲ್ಲ. ಕಾಯಕವು ಶುದ್ಧವಾಗಬೇಕಾದರೆ ದುಡಿದುದು ಪ್ರಾಮಾಣಿಕವಾಗಿರುವುದಷ್ಟೇ ಸಾಲದು. ಆ ದುಡಿಮೆಯ ಕಸವು ಇನ್ನೊಬ್ಬನ ಹೊಲಕ್ಕೆ ಬೀಳದಿರಬೇಕು.

ಹಾಗಾದರೆ ಮಾಡಬೇಕಾದುದೇನು? ಒಕ್ಕಲಿಗನಿಗೆ ಎರಡು ಬಗೆಯ ಕೆಲಸವುಂಟು. ಬಂದ ಕಷ್ಟವನ್ನು ತಡೆದುಕೊಳ್ಳುವುದು ಮೊದಲನೆಯದು. ಹೊಲದ ಒಡ್ಡು, ಕೃಷಿಹೊಂಡ, ಕೆರೆಯ ಹೂಳೆತ್ತುವಿಕೆ ಇವು ನೆರೆಯ ನೀರನ್ನು ಬರದ ದಿನಕ್ಕೆ ಇಟ್ಟುಕೊಡುತ್ತವೆ. ಕರ್ನಾಟಕದ ಹಿರಿಯರು ಮೂವತ್ತಾರು ಸಾವಿರಕ್ಕೂ ಹೆಚ್ಚು ಕೆರೆಗಳನ್ನು ನಮಗೆ ಬಿಟ್ಟು ಹೋಗಿದ್ದಾರೆ. ಅವನ್ನು ಉಳಿಸಿಕೊಳ್ಳುವುದೇ ಒಂದು ದೊಡ್ಡ ದಾಸೋಹ. ಜೋಳ, ಸಜ್ಜೆ, ನವಣೆಗಳು ಕಡಿಮೆ ನೀರಿನಲ್ಲಿ ಬೆಳೆದು ಬಿಸಿಲನ್ನು ಸಹಿಸುತ್ತವೆ. ತನ್ನ ಪಾಲಿನ ಹೊಗೆಯನ್ನು ತಗ್ಗಿಸುವುದು ಎರಡನೆಯದು. ತುಂಗಭದ್ರೆಯ ಎಡದಂಡೆಯ ಕಾಲುವೆಯನ್ನು ಯೋಜಿಸಿದಾಗ ಹೆಚ್ಚಿನ ಭೂಮಿಗೆ ಅಲ್ಪನೀರಿನ ಬೆಳೆಗಳೇ ಗೊತ್ತಾಗಿದ್ದವು. ಗಂಗಾವತಿ, ಸಿಂಧನೂರಿನ ಕಡೆ ಭತ್ತವೇ ಪ್ರಧಾನವಾಗಿ, ಕಾಲುವೆಯ ಕೊನೆಯ ರೈತನಿಗೆ ನೀರು ಮುಟ್ಟದಾಯಿತು. ನೀರು ಸದಾ ನಿಂತ ಗದ್ದೆಯಿಂದ ಮೀಥೇನ್ ಏಳುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು ೨೮ ಪಟ್ಟು ಬಲವಾದುದು. ನಡುನಡುವೆ ಗದ್ದೆಯನ್ನು ಆರಗೊಟ್ಟರೆ ಮೀಥೇನೂ ತಗ್ಗುತ್ತದೆ, ಕೊನೆಯವನಿಗೆ ನೀರೂ ಉಳಿಯುತ್ತದೆ. ಅಳತೆ ಮೀರಿ ಎರಚಿದ ಯೂರಿಯಾ ನೈಟ್ರಸ್ ಆಕ್ಸೈಡ್ ಆಗಿ ಆಕಾಶಕ್ಕೆ ಹೋಗುತ್ತದೆ. ಅದರೊಡನೆ ರೈತನ ಹಣವೂ ಹೋಗುತ್ತದೆ.

ಕಲ್ಲಿದ್ದಲನ್ನು ಬಿಟ್ಟು ಸೂರ್ಯನನ್ನು ಆಶ್ರಯಿಸುವ ಕೆಲಸವೂ ನಮ್ಮ ನಾಡಿನಲ್ಲಿ ನಡೆದಿದೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು ಹದಿಮೂರು ಸಾವಿರ ಎಕರೆಯಲ್ಲಿ ೨೦೫೦ ಮೆಗಾವಾಟಿನ ಸೌರ ಉದ್ಯಾನವು ನಿಂತಿದೆ. ಮಳೆ ಕೈಕೊಟ್ಟ ನೆಲದ ರೈತರು ಭೂಮಿಯನ್ನು ಮಾರದೆ ಗುತ್ತಿಗೆಗೆ ಕೊಟ್ಟು ವರ್ಷವರ್ಷವೂ ಹಣ ಪಡೆಯುವ ಏರ್ಪಾಡು ಅಲ್ಲಿದೆ. ಇದು ಮೆಚ್ಚತಕ್ಕುದು. ಆದರೆ ಭೂಮಿಯಿಲ್ಲದೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಅಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಗುತ್ತಿಗೆಯ ಹಣವಿಲ್ಲ, ಕೂಲಿಯೂ ತಪ್ಪಿತು. ಹೊಗೆಯನ್ನು ನಿಲ್ಲಿಸುವ ಕಾರ್ಯದಲ್ಲಿಯೂ ಕಟ್ಟಕಡೆಯವನ ಪಾಲನ್ನು ಮೊದಲು ತೆಗೆದಿಡಬೇಕು. ಪಂಕ್ತಿಯಲ್ಲಿ ಯಾರನ್ನೂ ಬಿಡದೆ ಬಡಿಸುವುದು ದಾಸೋಹವೆನಿಸುತ್ತದೆ. ಬಿಟ್ಟು ಬಡಿಸಿದರೆ ಅದು ಬರಿಯ ಊಟ.

ಮಠದ ಹಳೆಯ ವಿದ್ಯಾರ್ಥಿಗಳಿಗೆ ಒಂದು ವಿಶೇಷ ಮಾತು. ನಿಮ್ಮಲ್ಲಿ ಇಂಜಿನಿಯರುಗಳಿದ್ದಾರೆ, ಅಧಿಕಾರಿಗಳಿದ್ದಾರೆ, ಗುತ್ತಿಗೆದಾರರಿದ್ದಾರೆ, ಅಮೆರಿಕೆಯಲ್ಲಿ ನೆಲೆಸಿದವರಿದ್ದಾರೆ. ಈ ಮಠದ ಪ್ರಸಾದವನ್ನುಂಡು ಬೆಳೆದಿರಿ. ಆ ಪ್ರಸಾದದ ಜೋಳ ಯಾರದು? ಭಕ್ತ ರೈತರು ಸುಗ್ಗಿಯಲ್ಲಿ ಚೀಲ ಚೀಲವಾಗಿ ತಂದು ಒಪ್ಪಿಸಿದುದು. ಇಂದು ಆಕಾಶದ ಕಡೆ ನೋಡುತ್ತ ಕುಳಿತಿರುವವರು ಅವರೇ, ಅವರ ಮಕ್ಕಳೇ. ನಗರದಲ್ಲಿ ಕಟ್ಟಿಸುವ ಮನೆ, ಕೊಳ್ಳುವ ವಾಹನ, ಮಾಡುವ ಮದುವೆಯ ವೈಭವ ಇವೆಲ್ಲದರ ಹೊಗೆ ಕೊನೆಗೆ ಅವರ ಹೊಲದ ಮೇಲೆಯೇ ನಿಲ್ಲುತ್ತದೆಯೆಂಬುದನ್ನು ನೆನೆಯಿರಿ. ಮಠಕ್ಕೆ ಕಾಣಿಕೆ ಕೊಡುವುದರಿಂದ ಆ ಋಣವು ಮಾತ್ರ ತೀರುವುದಿಲ್ಲ.

ಇದೆಲ್ಲ ಆಗದ ಮಾತೆಂದು ನಿರಾಶರಾಗಬೇಕಾಗಿಲ್ಲ. ಆಕಾಶದ ಓಜೋನ್ ಪದರವನ್ನು ತಿನ್ನುತ್ತಿದ್ದ ಅನಿಲಗಳನ್ನು ಕೈಬಿಡಲು ೧೯೮೭ರಲ್ಲಿ ಮಾಂಟ್ರಿಯಲ್ ನಗರದಲ್ಲಿ ಒಪ್ಪಂದವಾಯಿತು. ಲೋಕದ ರಾಷ್ಟ್ರಗಳೆಲ್ಲ ಅದಕ್ಕೆ ಸೇರಿದವು. ಆ ಪದರವು ಇಂದು ಮೆಲ್ಲಮೆಲ್ಲನೆ ಚೇತರಿಸಿಕೊಳ್ಳುತ್ತಿದೆ. ಕಲ್ಲಿದ್ದಲು, ಎಣ್ಣೆಗಳ ಬಳಕೆ ಅದಕ್ಕಿಂತ ಎಷ್ಟೋ ಆಳವಾಗಿ ಬೇರುಬಿಟ್ಟಿದೆ, ನಿಜ. ೨೦೧೫ರ ಪ್ಯಾರಿಸ್ ಒಪ್ಪಂದದ ಮಾತುಗಳು ಕೃತಿಗೆ ಪೂರ್ತಿಯಾಗಿ ಇಳಿದಿಲ್ಲವೆಂಬುದೂ ನಿಜ. ಆದರೆ ಮನುಷ್ಯನು ಕೆಡಿಸಿದುದನ್ನು ಮನುಷ್ಯನು ಸರಿಪಡಿಸಬಲ್ಲನೆಂಬುದಕ್ಕೆ ಒಂದು ನಿದರ್ಶನವಾದರೂ ನಮ್ಮ ಕಣ್ಣ ಮುಂದಿದೆ. ದೈವದ ಮುನಿಸಾಗಿದ್ದರೆ ಕೈಮುಗಿದು ಕುಳ್ಳಿರಬೇಕಾಗುತ್ತಿತ್ತು. ಮನುಷ್ಯನ ಕೈಯ ಕೆಲಸವಾದುದರಿಂದಲೇ ಇದಕ್ಕೆ ಪರಿಹಾರವೂ ಮನುಷ್ಯನ ಕೈಯಲ್ಲಿದೆ.

ದಾಸೋಹಕ್ಕೆ ಬಂದ ಜೋಳವನ್ನೂ ಬೇಳೆಯನ್ನೂ ಮಠವು ಪುಸ್ತಕದಲ್ಲಿ ಬರೆದಿಡುತ್ತ ಬಂದಿದ್ದು, ವರ್ಷಕ್ಕೊಮ್ಮೆ ಭಕ್ತರ ಮುಂದೆ ಓದುವುದು ವಾಡಿಕೆ. ಈ ವರ್ಷದಿಂದ ಅದೇ ಪುಸ್ತಕದಲ್ಲಿ ಇನ್ನೆರಡು ಕಲಮುಗಳನ್ನು ಸೇರಿಸಲು ತಿಳಿಸಿದ್ದೇವೆ: ಮಠವೂ ಅದರ ವಸತಿನಿಲಯಗಳೂ ಸುಟ್ಟ ಡೀಸೆಲ್ ಎಷ್ಟು, ಉರಿಸಿದ ವಿದ್ಯುತ್ತು ಎಷ್ಟು. ಜಾತ್ರೆಯ ದೀಪಾಲಂಕಾರದ ಲೆಕ್ಕವೂ ಅದರಲ್ಲಿ ಬರುತ್ತದೆ. ಮುಂದಿನ ಜಾತ್ರೆಗೆ ಬರುವ ಭಕ್ತರು ತಮ್ಮ ತಮ್ಮ ಮನೆಯ ಇಂಥದೇ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ತರಬೇಕೆಂದು ಅಪೇಕ್ಷಿಸುತ್ತೇವೆ. ಅದನ್ನು ಯಾರ ಮುಂದೆಯೂ ಓದುವುದಿಲ್ಲ, ಯಾರನ್ನೂ ಆಕ್ಷೇಪಿಸುವುದಿಲ್ಲ. ಅದರ ಮರುವರ್ಷ ಬರುವಾಗ ಇನ್ನೊಂದು ಚೀಟಿಯನ್ನು ತಂದು, ಎರಡನ್ನೂ ಪಕ್ಕದಲ್ಲಿಟ್ಟು ಅವರವರೇ ನೋಡಿಕೊಂಡರೆ ಸಾಕು.